ವಿದ್ಯುತ್ತಿನ ಎಲ್ಲೆಕಟ್ಟುಗಳು



ಆಕಾಶವಾಣಿಯ ಅಲೆಗಳಿಗೆ ಸುಂಕದ ಕಟ್ಟೆಯಿಲ್ಲ. 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಪ್ರಸಾರವನ್ನು ಆರಂಭಿಸಿದಾಗ, ಆ ಅಲೆಗಳು ಹೊಳೆಯನ್ನಾಗಲಿ ಸಂಸ್ಥಾನದ ಗಡಿಗಲ್ಲನ್ನಾಗಲಿ ಕಂಡು ನಿಂತುಬಿಡಲಿಲ್ಲ. ಆದರೆ ಆ ಅಲೆಯನ್ನು ಹಿಡಿದು ನುಡಿಸತಕ್ಕ ಪೆಟ್ಟಿಗೆಯ ಗತಿ ಬೇರೆ. ಅದನ್ನು ಒಂದೂರಿನಿಂದ ಇನ್ನೊಂದೂರಿಗೆ ಕೊಂಡೊಯ್ದವನು, ಹಾಡು ಕೇಳುವುದಕ್ಕೆ ಮೊದಲು ಮೂರು ನಾಲ್ಕು ಪ್ರಶ್ನೆಗಳನ್ನು ಕೇಳಬೇಕಾಗುತ್ತಿತ್ತು. ಇಲ್ಲಿಯ ವಿದ್ಯುತ್ತು ಯಾವ ಬಗೆಯದು? ಅದರ ಒತ್ತಡವೆಷ್ಟು? ಗೋಡೆಯಲ್ಲಿರುವ ಸಾಕೆಟ್ಟಿಗೆ ನನ್ನ ಪ್ಲಗ್ಗು ಹೊಂದುವುದೆ? ಇಂದಿಗೂ ಪರದೇಶಕ್ಕೆ ಹೊರಟವನು ತನ್ನ ಪೆಟ್ಟಿಗೆಯಲ್ಲಿ ಇಸ್ತ್ರಿಪೆಟ್ಟಿಗೆಯನ್ನೋ ಕ್ಷೌರಯಂತ್ರವನ್ನೋ ಇಡುವಾಗ ಇವೇ ಪ್ರಶ್ನೆಗಳು ಏಳುತ್ತವೆ. ಮಿಂಚು ಎಲ್ಲ ದೇಶದಲ್ಲಿಯೂ ಒಂದೇ. ಮನೆಗೆ ಬರುವ ವಿದ್ಯುತ್ತು ಮಾತ್ರ ದೇಶಕ್ಕೊಂದು ಬಗೆ. ಇದೇಕೆ ಹೀಗೆ?

ಇದಕ್ಕೆ ಉತ್ತರವನ್ನು ಭೌತಶಾಸ್ತ್ರದ ಗ್ರಂಥದಲ್ಲಿ ಹುಡುಕಿ ಪ್ರಯೋಜನವಿಲ್ಲ. ಉತ್ತರವಿರುವುದು ಚರಿತ್ರೆಯಲ್ಲಿ. ಅದನ್ನು ತಿಳಿಯಲು ದೂರ ಹೋಗಬೇಕಾಗಿಯೂ ಇಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಸೀಮೆಯಲ್ಲಿ ನಿಂತು ನಾಲ್ಕು ದಿಕ್ಕಿಗೂ ನೋಡಿದರೆ ಸಾಕು.

ಮೊದಲು ಕುರುಗೋಡನ್ನು ನೋಡೋಣ. ಬಳ್ಳಾರಿಗೆ ಸಮೀಪದಲ್ಲಿ, ಬಂಡೆಗುಡ್ಡಗಳ ಮಡಿಲಿನಲ್ಲಿರುವ ಈ ಊರು ಹನ್ನೆರಡನೆಯ ಶತಮಾನದಲ್ಲಿ ಸಿಂದ ವಂಶದವರ ರಾಜಧಾನಿಯಾಗಿದ್ದಿತು. ಆ ಕಾಲದ ಕನ್ನಡ ಶಾಸನಗಳನ್ನು ಓದಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ದೇವಾಲಯಕ್ಕೆ ಭೂಮಿಯನ್ನು ಬಿಟ್ಟಾಗ, ಇಷ್ಟು ಮತ್ತರು ಕೆಯ್ಯೆಂದು ಹೇಳಿ ಸುಮ್ಮನಾಗದೆ, ಅದನ್ನು ಅಳೆದದ್ದು ಯಾವ ಕೋಲಿನಿಂದ ಎಂಬುದನ್ನೂ ಅನೇಕ ಶಾಸನಗಳು ಹೇಳುತ್ತವೆ. ಹೊನ್ನನ್ನು ಕೊಟ್ಟಾಗ, ಅದು ಲೊಕ್ಕಿಗುಂಡಿಯ ಟಂಕಸಾಲೆಯ ಗದ್ಯಾಣವೋ ಬೇರೆಯದೋ ಎಂದು ತಿಳಿಸುವುದುಂಟು. ಸೀಮೆಗೊಂದು ಕೋಲು, ಸೀಮೆಗೊಂದು ನಾಣ್ಯವಿದ್ದ ಕಾಲ ಅದು. ಅಳತೆಯನ್ನು ಗೊತ್ತುಮಾಡುವ ಅಧಿಕಾರ ಯಾರದೋ ನಾಡು ಅವರದು.

ಈ ಸ್ಥಿತಿ ಹನ್ನೆರಡನೆಯ ಶತಮಾನದೊಂದಿಗೆ ಕಳೆದುಹೋಯಿತೆಂದು ತಿಳಿಯಬೇಡಿ. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಇಂಗ್ಲಿಷರ ಕಂಪೆನಿಗೆ ಬಿಟ್ಟುಕೊಟ್ಟನು. ಅಂದಿನಿಂದ 1953ರ ವರೆಗೆ ಅದು ಮದರಾಸು ಪ್ರಾಂತಕ್ಕೆ ಸೇರಿದ್ದಿತು. ದಕ್ಷಿಣಕ್ಕೆ ಮೈಸೂರು ಸಂಸ್ಥಾನ, ಸಿರುಗುಪ್ಪದ ಹೊಳೆಯಾಚೆ ನಿಜಾಮರ ರಾಯಚೂರು ಸೀಮೆ. 1940ರಲ್ಲಿ ಚಿತ್ರದುರ್ಗದಿಂದ ಹೊರಟು ಬಳ್ಳಾರಿಯ ಮೇಲೆ ರಾಯಚೂರಿಗೆ ಹೋಗುವವನು ಉದ್ದಕ್ಕೂ ಕನ್ನಡವನ್ನೇ ಆಡಿಕೊಂಡು ಹೋಗಬಹುದಾಗಿದ್ದಿತು. ಆದರೆ ಅಷ್ಟರಲ್ಲಿ ಅವನು ಮೂರು ಸರ್ಕಾರಗಳ ನೆಲವನ್ನು ತುಳಿದಿರುತ್ತಿದ್ದನು. ತುಂಗಭದ್ರೆಯನ್ನು ದಾಟಿದ ಮೇಲೆ ಅವನ ರೂಪಾಯಿಗೆ ಬದಲು ನಿಜಾಮರ ಹಾಲಿ ಸಿಕ್ಕದ ರೂಪಾಯಿ ಚಲಾವಣೆಯಲ್ಲಿ ಕಾಣುತ್ತಿದ್ದಿತು. ರೈಲಿನಲ್ಲಿ ಹೊರಟರೂ ಇದೇ ಪಾಡು. ಬಳ್ಳಾರಿಯ ಹಳಿ ಮೀಟರ್ ಗೇಜಿನದು. ಗುಂತಕಲ್ಲಿನಲ್ಲಿ ಮದರಾಸು ಬೊಂಬಾಯಿಗಳ ನಡುವಣ ಅಗಲದ ಹಳಿ. ಗಂಟುಮೂಟೆಗಳನ್ನು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಲೇಬೇಕು. ಕೋಲು, ನಾಣ್ಯ, ಹಳಿ ಇವುಗಳ ಸಾಲಿಗೆ ಇಪ್ಪತ್ತನೆಯ ಶತಮಾನವು ನಾಲ್ಕನೆಯದನ್ನು ಸೇರಿಸಿತು. ಅದೇ ವಿದ್ಯುತ್ತು.

ವಿದ್ಯುತ್ತಿನಲ್ಲಿ ಭೇದವಿರುವುದು ಯಾವ ಯಾವ ವಿಷಯದಲ್ಲಿ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕು. ವಿಜಯನಗರದ ಅರಸರ ಕಾಲದ ಕಾಲುವೆಗಳಲ್ಲಿ ಒಂದು ಇಂದಿಗೂ ಸಿರುಗುಪ್ಪದ ಗದ್ದೆಗಳಿಗೆ ನೀರುಣಿಸುತ್ತಿದೆ. ಆ ಕಾಲುವೆಯನ್ನೇ ಉಪಮಾನವಾಗಿ ತೆಗೆದುಕೊಳ್ಳೋಣ. ನೀರು ಎಷ್ಟು ಎತ್ತರದಿಂದ ಇಳಿಯುವುದೋ ಅಷ್ಟು ಅದರ ರಭಸ. ವಿದ್ಯುತ್ತಿನಲ್ಲಿ ಆ ಎತ್ತರದ ಸ್ಥಾನದಲ್ಲಿರುವುದು ವೋಲ್ಟು. ಕಾಲುವೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಹಾಗೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಿಗೆ ಡಿ.ಸಿ. ಎಂದೂ, ಗರಗಸದಂತೆ ಹಿಂದಕ್ಕೂ ಮುಂದಕ್ಕೂ ಆಡುತ್ತಿರುವ ವಿದ್ಯುತ್ತಿಗೆ ಏ.ಸಿ. ಎಂದೂ ಹೆಸರು. ಈ ಗರಗಸವು ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಹೋಗಿಬರುವುದೋ ಅಷ್ಟು ಸೈಕಲ್ಲುಗಳು. ಕೊನೆಯದಾಗಿ, ತೂಬಿನ ಬಾಯಿ ಯಾವ ಆಕಾರದ್ದು ಎಂಬುದು. ಅದೇ ಪ್ಲಗ್ಗು ಮತ್ತು ಸಾಕೆಟ್ಟು. ಈ ನಾಲ್ಕರಲ್ಲಿ ಯಾವುದನ್ನೂ ಪ್ರಕೃತಿಯು ನಿಗದಿಮಾಡಿಲ್ಲ. ನಾಲ್ಕನ್ನೂ ಯಾರೋ ಮನುಷ್ಯರು ಯಾವುದೋ ಒಂದು ಊರಿನಲ್ಲಿ ಯಾವುದೋ ಒಂದು ದಿನ ಗೊತ್ತುಮಾಡಿದರು.

ಮೈಸೂರು ಸಂಸ್ಥಾನದಲ್ಲಿ ಆ ದಿನ ಬಹು ಬೇಗ ಬಂದಿತು. ದಿವಾನ್ ಶೇಷಾದ್ರಿ ಅಯ್ಯರವರ ಆಡಳಿತದಲ್ಲಿ, ಲಾಟ್ಬಿನಿಯರ್ ಎಂಬ ಇಂಜಿನಿಯರ ಯೋಜನೆಯಂತೆ, ಕಾವೇರಿಯ ಶಿವನಸಮುದ್ರದ ಬಳಿ ವಿದ್ಯುದಾಗಾರವು ಎದ್ದಿತು. ಅದರ ಸಿದ್ಧಿಯನ್ನು ಕಣ್ಣಾರೆ ನೋಡುವುದಕ್ಕೆ ಶೇಷಾದ್ರಿ ಅಯ್ಯರವರು ಉಳಿಯಲಿಲ್ಲ. 1901ರಲ್ಲಿ ಅವರು ತೀರಿಕೊಂಡರು. 1902ರ ಜೂನ್ 30ರಂದು ಆ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ಅದು ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ವಿದ್ಯುತ್ ಯಂತ್ರಗಳು ಅಮೆರಿಕದಿಂದ ಬಂದವು. ಆ ವೇಳೆಗೆ ಅಮೆರಿಕದ ನಯಾಗರ ಜಲಪಾತದಲ್ಲಿ ದೊಡ್ಡ ಮೋಟಾರುಗಳನ್ನು ನಡೆಸುವುದಕ್ಕೆ ಅನುಕೂಲವೆಂದು 25 ಸೈಕಲ್ಲಿನ ವಿದ್ಯುತ್ತನ್ನು ರೂಢಿಗೆ ತಂದಿದ್ದರು. ಶಿವನಸಮುದ್ರದ್ದೂ 25 ಸೈಕಲ್ಲು. ಗಣಿಯ ಯಂತ್ರಗಳಿಗೆ ಅದು ಒಳ್ಳೆಯದೇ. ದೀಪಕ್ಕೆ ಮಾತ್ರ ಅಷ್ಟು ಒಳ್ಳೆಯದಲ್ಲ. ಗರಗಸ ನಿಧಾನವಾದಷ್ಟೂ ದೀಪದ ನಡುಕವು ಕಣ್ಣಿಗೆ ತಿಳಿಯುತ್ತದೆ. ಚಿನ್ನ ತೆಗೆಯುವವರ ಅಗತ್ಯವು ಹೀಗೆ ಓದುವ ಹುಡುಗರ ದೀಪದ ಗುಣವನ್ನೂ ನಿರ್ಣಯಿಸಿಬಿಟ್ಟಿತು.

ಮದರಾಸು ಪ್ರಾಂತದಲ್ಲಿ ನಡೆದದ್ದು ಬೇರೆ ಕಥೆ. ಅಲ್ಲಿಯ ಸರ್ಕಾರವು ದೊಡ್ಡ ಜಲವಿದ್ಯುತ್ತಿಗೆ ಕೈಹಾಕಿದ್ದು ಮೂವತ್ತು ವರ್ಷ ತಡವಾಗಿ. ನೀಲಗಿರಿಯ ಪೈಕಾರ 1932ರಲ್ಲಿಯೂ, ಮೆಟ್ಟೂರು 1937ರಲ್ಲಿಯೂ, ಪಾಪನಾಶಂ 1944ರಲ್ಲಿಯೂ ಕೆಲಸವನ್ನು ಆರಂಭಿಸಿದವು. ಅಷ್ಟು ಹೊತ್ತಿಗೆ ಇಂಗ್ಲೆಂಡಿನಲ್ಲಿ 50 ಸೈಕಲ್ಲಿಗೆ ಮನ್ನಣೆ ದೊರೆತಿದ್ದಿತು. ಆದುದರಿಂದ ಮದರಾಸಿನದು 50 ಸೈಕಲ್ಲು. ನೆರೆಹೊರೆಯ ಎರಡು ಸರ್ಕಾರಗಳು. ಒಂದರ ವಿದ್ಯುತ್ತು ಇನ್ನೊಂದರ ವಿದ್ಯುತ್ತಿನೊಡನೆ ನೇರವಾಗಿ ಬೆರೆಯಲಾರದು. ಬಳ್ಳಾರಿಯ ಸ್ಥಿತಿಯನ್ನು ಈಗ ಯೋಚಿಸಿ. ಮದರಾಸಿನ ಆ ಮೂರು ಜಲಕೇಂದ್ರಗಳೂ ಪ್ರಾಂತದ ತೆಂಕಣ ತುದಿಯ ಕಡೆಗೆ ಇದ್ದವು. ಬಡಗಣ ಗಡಿಯ ಬಳ್ಳಾರಿಗೆ ಅವು ಬಹುದೂರ. ಹತ್ತಿರದ ಮೈಸೂರಿನ ತಂತಿಯು ಬೇರೊಂದು ಸರ್ಕಾರದ ತಂತಿ. ಮನೆಯ ಮುಂದೆಯೇ ಹರಿಯುವ ತುಂಗಭದ್ರೆಯಿಂದ ಆ ದಿನಗಳಲ್ಲಿ ಒಂದು ಕಿಲೋವಾಟೂ ಹುಟ್ಟುತ್ತಿರಲಿಲ್ಲ.

ಇದಲ್ಲದೆ ಕಲಕತ್ತೆಯಂಥ ಮಹಾನಗರಗಳಲ್ಲಿ ಮೊದಲು ಹರಡಿದ್ದು ಡಿ.ಸಿ. ವಿದ್ಯುತ್ತು. 1899ರಲ್ಲಿ ಅಲ್ಲಿಯ ಸರಬರಾಯಿ ಆರಂಭವಾದದ್ದು ಆ ಬಗೆಯಿಂದಲೇ. ಏ.ಸಿ.ಗೆಂದು ಮಾಡಿದ ರೇಡಿಯೋವನ್ನು ಡಿ.ಸಿ.ಯ ಊರಿನಲ್ಲಿ ಹೂಡಿದರೆ ಅದರೊಳಗಿನ ಟ್ರಾನ್ಸ್‌ಫಾರ್ಮರು ಕಾದು ಸುಟ್ಟುಹೋಗುವುದು. ಈ ಕಾರಣದಿಂದಲೇ ಎರಡಕ್ಕೂ ಒಗ್ಗುವ ಪೆಟ್ಟಿಗೆಗಳನ್ನು ಆ ದಿನಗಳಲ್ಲಿ ಪ್ರತ್ಯೇಕವಾಗಿ ಮಾಡಿ ಮಾರುತ್ತಿದ್ದರು. ವಿದ್ಯುತ್ತಿಲ್ಲದ ಹಳ್ಳಿಯವರು ಬ್ಯಾಟರಿ ರೇಡಿಯೋವನ್ನು ಇಟ್ಟುಕೊಂಡು, ಬ್ಯಾಟರಿಯ ಬಲ ಕುಂದಿದಾಗ ಅದನ್ನು ಪೇಟೆಗೆ ಹೊತ್ತು ಚಾರ್ಜು ಮಾಡಿಸಿಕೊಂಡು ಬರಬೇಕು. ರೈಲುಡಬ್ಬಿಯಂತೂ ತಾನೇ ಒಂದು ಸಂಸ್ಥಾನ! ಅಚ್ಚಿಗೆ ಕಟ್ಟಿದ ಡೈನಮೋ, ಅಡಿಯಲ್ಲಿ ತೂಗುಹಾಕಿದ ಬ್ಯಾಟರಿಗಳು. ಅಲ್ಲಿ ಬಹುಕಾಲ ನಡೆದದ್ದು 24 ವೋಲ್ಟಿನ ಡಿ.ಸಿ., ಅನಂತರ 110 ವೋಲ್ಟಿನದು. ಮನೆಯ ಸಲಕರಣೆಗೂ ಆ ಡಬ್ಬಿಗೂ ಸಂಬಂಧವೇ ಇರಲಿಲ್ಲ.

ಈ ಗೋಜಲು ಬಿಡಿಸಿಕೊಂಡದ್ದು ಸ್ವಾತಂತ್ರ್ಯದ ಆಸುಪಾಸಿನಲ್ಲಿ. ಮೈಸೂರಿನವರೇ 1948ರಲ್ಲಿ ಜೋಗದ ವಿದ್ಯುದಾಗಾರವನ್ನು ನಡೆಸತೊಡಗಿದಾಗ 25ನ್ನು ಬಿಟ್ಟು 50 ಸೈಕಲ್ಲನ್ನು ಹಿಡಿದರು. ಹಳೆಯ ಕಾವೇರಿಯ ವಿದ್ಯುತ್ತನ್ನೂ ಹೊಸ ಶರಾವತಿಯ ವಿದ್ಯುತ್ತನ್ನೂ ಕೂಡಿಸುವುದಕ್ಕೆ, ಒಂದರಿಂದ ಇನ್ನೊಂದಕ್ಕೆ ಸೈಕಲ್ಲನ್ನು ಬದಲಿಸುವ ಯಂತ್ರಗಳು ಬೇಕಾದವು. ಒಂದೇ ಸಂಸ್ಥಾನದೊಳಗೂ ಎರಡು ವಿದ್ಯುತ್ತುಗಳ ನಡುವೆ ದುಭಾಷಿಯನ್ನು ಇಡಬೇಕಾದ ಪ್ರಸಂಗವಿದು. ಅದೇ 1948ರಲ್ಲಿ ಭಾರತ ಸರ್ಕಾರವು ವಿದ್ಯುಚ್ಛಕ್ತಿ ಸರಬರಾಯಿ ಕಾಯಿದೆಯನ್ನು ಮಾಡಿ, ಪ್ರಾಂತಗಳಲ್ಲಿ ವಿದ್ಯುನ್ಮಂಡಲಿಗಳನ್ನು ಸ್ಥಾಪಿಸುವುದಕ್ಕೆ ದಾರಿ ತೆರೆಯಿತು. 1956ರ ನಿಯಮಗಳು ಸೈಕಲ್ಲಿನ ಸಂಖ್ಯೆಯು ಶೇಕಡ 3ಕ್ಕಿಂತ ಹೆಚ್ಚಾಗಿ ಏರಿಳಿಯಬಾರದೆಂದು ವಿಧಿಸಿದವು. 1957ರಲ್ಲಿ ಮೈಸೂರು ರಾಜ್ಯದ ವಿದ್ಯುನ್ಮಂಡಲಿಯು ಹುಟ್ಟಿತು.

ಇಷ್ಟರಲ್ಲಿ ಬಳ್ಳಾರಿಯ ಭಾಗ್ಯವೂ ಬದಲಾಗಿದ್ದಿತು. ಮದರಾಸು ಮತ್ತು ಹೈದರಾಬಾದು ಸರ್ಕಾರಗಳೆರಡೂ ಸೇರಿ 1945ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರೆಗೆ ಅಣೆಕಟ್ಟಿನ ಅಸ್ತಿಭಾರವನ್ನು ಹಾಕಿದ್ದವು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯವಾದಾಗ ಬಳ್ಳಾರಿ ಜಿಲ್ಲೆಯೇ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕಿನ ವಿಷಯವನ್ನು ನ್ಯಾಯಮೂರ್ತಿ ಮಿಶ್ರ ಅವರು ವಿಚಾರಿಸಿದ ಮೇಲೆ ಅದೂ, ಸಿರುಗುಪ್ಪ ಮೊದಲಾದ ತಾಲ್ಲೂಕುಗಳೂ ಮೈಸೂರಿಗೆ ಬಂದವು. ಜಿಲ್ಲೆಯನ್ನು ಹಂಚಿದಂತೆ ಹೊಳೆಯ ಶಕ್ತಿಯನ್ನೂ ಹಂಚಬೇಕಾಯಿತು. 1957ರಿಂದ ಮುಂದಕ್ಕೆ ಅಣೆಕಟ್ಟಿನ ಬುಡದಲ್ಲಿಯೂ ಹಂಪಿಯ ಬಳಿಯೂ ಬಲದಂಡೆಯ ಎರಡು ವಿದ್ಯುದಾಗಾರಗಳು ಎದ್ದವು. ಎರಡೂ ಸೇರಿ 72,000 ಕಿಲೋವಾಟಿನವು. ಅದರಲ್ಲಿ ಐದಕ್ಕೆ ನಾಲ್ಕು ಪಾಲು ಆಂಧ್ರಕ್ಕೆ, ಒಂದು ಪಾಲು ಮೈಸೂರಿಗೆ ಎಂದು ಗೊತ್ತಾಯಿತು. ಹಂಪಿಯ ಯಂತ್ರಗಳಿಗೆ ನೀರನ್ನು ಒಯ್ಯುವ ಕಾಲುವೆಯೇ ಮುಂದೆ ಕೆಳಮಟ್ಟದ ಕಾಲುವೆಯಾಗಿ ಸಿರುಗುಪ್ಪದ ಸೀಮೆಯನ್ನು ಹಾಯ್ದು ಆಂಧ್ರದ ಕಡೆಗೆ ಸಾಗುತ್ತದೆ. ನೀರೂ ಒಂದೇ, ವಿದ್ಯುತ್ತೂ ಒಂದೇ; ಲೆಕ್ಕದ ಪುಸ್ತಕಗಳು ಮಾತ್ರ ಎರಡು.

ಈಗ ಹೊರಗಿನ ಪ್ರಪಂಚದ ಕಡೆಗೆ ತಿರುಗೋಣ. ಮೈಸೂರು ಮದರಾಸುಗಳಲ್ಲಿ ನಾವು ಸರಿಪಡಿಸಿಕೊಂಡ ಭೇದವನ್ನು ಜಪಾನ್ ದೇಶವು ಇಂದಿಗೂ ಸರಿಪಡಿಸಿಕೊಂಡಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟೋಕಿಯೋ ನಗರವು ಜರ್ಮನಿಯಿಂದ 50 ಸೈಕಲ್ಲಿನ ಯಂತ್ರಗಳನ್ನೂ, ಒಸಾಕ ನಗರವು ಅಮೆರಿಕದಿಂದ 60 ಸೈಕಲ್ಲಿನ ಯಂತ್ರಗಳನ್ನೂ ತರಿಸಿಕೊಂಡವು. ಅಂದಿನಿಂದ ಆ ದೇಶದ ಪೂರ್ವಾರ್ಧ 50, ಪಶ್ಚಿಮಾರ್ಧ 60. 2011ರ ಮಾರ್ಚಿಯಲ್ಲಿ ಭೂಕಂಪವೂ ಸಮುದ್ರದ ಉಕ್ಕೂ ಪೂರ್ವದ ವಿದ್ಯುದಾಗಾರಗಳನ್ನು ಕೆಡಿಸಿದಾಗ, ಪಶ್ಚಿಮದವರು ಸಹಾಯಕ್ಕೆ ಸಿದ್ಧರಿದ್ದರೂ ಎರಡರ ನಡುವೆ ಸುಮಾರು 10 ಲಕ್ಷ ಕಿಲೋವಾಟಿಗಿಂತ ಹೆಚ್ಚನ್ನು ದಾಟಿಸುವ ಸಾಧನವಿರಲಿಲ್ಲ. ಎಂದೋ ಇಬ್ಬರು ವರ್ತಕರು ಮಾಡಿದ ಖರೀದಿಯು ನೂರು ವರ್ಷದ ಮೇಲೆ ಒಂದು ಮಹಾನಗರವನ್ನು ಕತ್ತಲೆಯಲ್ಲಿ ಕೂರಿಸಿತು. ವಿದ್ಯುತ್ತಿನ ಎಲ್ಲೆಕಟ್ಟು ಕೇವಲ ಪ್ರವಾಸಿಯ ತೊಂದರೆಯಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಆದರೂ ಪ್ರವಾಸಿಗೆ ಎರಡು ಮಾತು ಹೇಳದೆ ಬಿಡುವುದು ಸರಿಯಲ್ಲ. ನಮ್ಮದು 230 ವೋಲ್ಟು, 50 ಸೈಕಲ್ಲು. ಯೂರೋಪಿನ ಬಹುಭಾಗವೂ ಹಾಗೆಯೇ. ಅಮೆರಿಕದ್ದು 120 ವೋಲ್ಟು, 60 ಸೈಕಲ್ಲು. ಜಪಾನಿನದು 100 ವೋಲ್ಟು. ಅಮೆರಿಕದಿಂದ ಬಂದ ನೆಂಟರು ಅಲ್ಲಿಯ ಇಸ್ತ್ರಿಪೆಟ್ಟಿಗೆಯನ್ನು ಬಳ್ಳಾರಿಯ ಸಾಕೆಟ್ಟಿಗೆ ಹಾಕಿದರೆ, ಒತ್ತಡವು ಇಮ್ಮಡಿಯಷ್ಟೇ ಆದರೂ ಹುಟ್ಟುವ ಶಾಖವು ಮೂರೂವರೆ ಮಡಿಗೂ ಮೀರುತ್ತದೆ. ಬಟ್ಟೆಯೂ ಹೋಯಿತು, ಪೆಟ್ಟಿಗೆಯೂ ಹೋಯಿತು. ಟ್ರಾನ್ಸ್‌ಫಾರ್ಮರು ವೋಲ್ಟನ್ನು ಇಳಿಸೀತು, ಸೈಕಲ್ಲನ್ನು ಬದಲಿಸಲಾರದು. ವಿದ್ಯುತ್ತಿನ ತಾಳಕ್ಕೆ ನಡೆಯುವ ಅಮೆರಿಕದ ಗೋಡೆಗಡಿಯಾರವನ್ನು ಇಲ್ಲಿ ತೂಗುಹಾಕಿದರೆ ಅದು ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ದೂರವಾಣಿಯ ಚಾರ್ಜರುಗಳ ಮೈಮೇಲೆ ಸಾಮಾನ್ಯವಾಗಿ 100ರಿಂದ 240 ವೋಲ್ಟು, 50 ಅಥವಾ 60 ಎಂದು ಅಚ್ಚಾಗಿರುತ್ತದೆ. ಅಂಥವಕ್ಕೆ ಭಯವಿಲ್ಲ, ಬೇಕಾದದ್ದು ಪ್ಲಗ್ಗಿನ ಆಕಾರವನ್ನು ಹೊಂದಿಸುವ ಅಡಾಪ್ಟರು ಮಾತ್ರ. ಶಾಖ ಕೊಡುವ ಮತ್ತು ಮೋಟಾರು ತಿರುಗಿಸುವ ಸಲಕರಣೆಗಳ ವಿಷಯದಲ್ಲಿ ಆ ಅಚ್ಚನ್ನು ಓದದೆ ಮುಂದುವರಿಯಬಾರದು.

ಪ್ಲಗ್ಗಿನ ಕಥೆಯಲ್ಲಿ ಒಂದು ವಿನೋದವಿದೆ. ನಮ್ಮ ಮನೆಗಳಲ್ಲಿರುವ ಮೂರು ದುಂಡುಕಡ್ಡಿಯ ಪ್ಲಗ್ಗು ಇಂಗ್ಲೆಂಡಿನದು. 1934ರ ಬ್ರಿಟಿಷ್ ಪ್ರಮಾಣಸೂತ್ರದಲ್ಲಿ ಅದರ ಅಳತೆಗಳು ಸಿಗುತ್ತವೆ. 1947ರಲ್ಲಿ ಇಂಗ್ಲೆಂಡಿನವರು ಚಪ್ಪಟೆ ಕಡ್ಡಿಯ ಹೊಸ ಪ್ಲಗ್ಗನ್ನು ಗೊತ್ತುಮಾಡಿಕೊಂಡರು. ಅದೇ ವರ್ಷ ಅವರು ಇಲ್ಲಿಂದ ಹೊರಟರು; ಅವರ ಹಳೆಯ ಪ್ಲಗ್ಗು ನಮ್ಮಲ್ಲಿ ಉಳಿಯಿತು. ಇಂದು ಲಂಡನ್ನಿಗೆ ಹೋದ ಬಳ್ಳಾರಿಯವನಿಗೆ ಅಲ್ಲಿಯ ಗೋಡೆ ಒಗ್ಗುವುದಿಲ್ಲ. ಒಗ್ಗದಿರಲು ಕಾರಣ ನಾವು ಅವರಿಗಿಂತ ಹೆಚ್ಚಾಗಿ ಅವರದನ್ನು ಕಾಪಾಡಿಕೊಂಡದ್ದು.

ಮತ್ತೆ ನಮ್ಮ ಸೀಮೆಗೆ ಬರೋಣ. ದೇಶವೆಲ್ಲ 50 ಸೈಕಲ್ಲನ್ನು ಒಪ್ಪಿಕೊಂಡ ಮಾತ್ರಕ್ಕೆ ದೇಶದ ವಿದ್ಯುತ್ತೆಲ್ಲ ಒಂದಾಗಲಿಲ್ಲ. ಗರಗಸಗಳೆಲ್ಲ ಒಂದೇ ಕ್ಷಣದಲ್ಲಿ ಮುಂದೆ, ಒಂದೇ ಕ್ಷಣದಲ್ಲಿ ಹಿಂದೆ ಆಡಿದರಲ್ಲವೆ ಐಕ್ಯ? ಆ ಐಕ್ಯವು ದಕ್ಷಿಣ ಭಾರತಕ್ಕೆ ದೊರೆತದ್ದು 2013ರ ಡಿಸೆಂಬರ್ 31ರಂದು, ದೊರೆತದ್ದು ರಾಯಚೂರಿನಲ್ಲಿ. ಹಾಲಿ ಸಿಕ್ಕದ ರೂಪಾಯಿ ಓಡುತ್ತಿದ್ದ ಅದೇ ರಾಯಚೂರು ಸೀಮೆಯಿಂದ ಸೊಲ್ಲಾಪುರಕ್ಕೆ 7,65,000 ವೋಲ್ಟಿನ ತಂತಿಯನ್ನು ಎಳೆದು ದಕ್ಷಿಣದ ಜಾಲವನ್ನು ಉಳಿದ ಭಾರತದ ಜಾಲಕ್ಕೆ ಹೆಣೆದರು. ಐಕ್ಯವೆಂದರೆ ಲಾಭವಷ್ಟೇ ಅಲ್ಲ, ಕಷ್ಟದಲ್ಲಿ ಪಾಲೂ ಹೌದು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತವು ಕತ್ತಲಲ್ಲಿ ಮುಳುಗಿದಾಗ ದಕ್ಷಿಣವು ಪಾರಾದದ್ದು ಅಂದು ಹೀಗೆ ಹೆಣೆದುಕೊಂಡಿರದ ಕಾರಣದಿಂದ. ಇದನ್ನು ಬಲ್ಲವರೇ ಮರುವರ್ಷ ಹೆಣೆದರು. ಕೊರತೆಯಾದ ಕಡೆಗೆ ಹೆಚ್ಚಾದ ಕಡೆಯಿಂದ ಹರಿಯಲಿ ಎಂಬ ಆಸೆಯು ಆ ಅಂಜಿಕೆಗಿಂತ ದೊಡ್ಡದಾಗಿದ್ದಿತು.

ಇಷ್ಟಾದ ಮೇಲೆ ಎಲ್ಲೆಕಟ್ಟುಗಳೆಲ್ಲ ಅಳಿದುವೆಂದು ಹೇಳಬಹುದೆ? ಹೇಳಲಾರೆವು. ಅಳತೆಯ ಎಲ್ಲೆ ಅಳಿದಿದೆ. ಪಾಲಿನ ಎಲ್ಲೆ ಉಳಿದಿದೆ. 1902ರಲ್ಲಿ ಚಿನ್ನದ ಗಣಿಗೆ ಹೋದ ತಂತಿಯು ಅನೇಕ ಹಳ್ಳಿಗಳ ನೆತ್ತಿಯ ಮೇಲೆ ಹಾದುಹೋಯಿತು. ಆ ಹಳ್ಳಿಗಳು ಬಹುಕಾಲ ಎಣ್ಣೆದೀಪದಲ್ಲೇ ಉಳಿದವು. ಬಳ್ಳಾರಿಯ ಸಮೀಪದ ಕುಡಿತಿನಿಯಲ್ಲಿ ಕಲ್ಲಿದ್ದಲಿನ ದೊಡ್ಡ ವಿದ್ಯುದಾಗಾರವು ಎದ್ದಿದೆ. 2016ರ ವೇಳೆಗೆ ಅದರ ಮೂರು ಘಟಕಗಳ ಸಾಮರ್ಥ್ಯ 17 ಲಕ್ಷ ಕಿಲೋವಾಟಾಯಿತು. ಶಿವನಸಮುದ್ರವು ಆರಂಭದಲ್ಲಿ ಕೊಟ್ಟದ್ದು ನಾಲ್ಕು ಸಾವಿರ ಕಿಲೋವಾಟಿನ ಆಸುಪಾಸು ಎಂಬುದನ್ನು ನೆನೆದರೆ ಇದರ ಅಗಾಧತೆ ತಿಳಿಯುವುದು. ಅದರ ವಿದ್ಯುತ್ತು ಜಾಲವನ್ನು ಸೇರಿ ನಾಡಿನ ಎಲ್ಲೆಡೆಗೂ ಸಾಗುತ್ತದೆ. ಬೂದಿ ಮಾತ್ರ ಇಲ್ಲಿಯೇ ಇಳಿಯುತ್ತದೆ. ಭತ್ತಕ್ಕೆ ಹೆಸರಾದ ಸಿರುಗುಪ್ಪದಲ್ಲಾಗಲಿ, ಕುರುಗೋಡಿನ ಸುತ್ತಣ ಹಳ್ಳಿಗಳಲ್ಲಾಗಲಿ, ರೈತನ ಪಂಪಿಗೆ ಮೂರು ಫೇಸಿನ ವಿದ್ಯುತ್ತು ಸಿಕ್ಕುವುದು ಗೊತ್ತಾದ ಕೆಲವು ಗಂಟೆಗಳು ಮಾತ್ರ. ಅವು ರಾತ್ರಿಯಲ್ಲಿ ಬಿದ್ದರೆ, ನೀರು ಹಾಯಿಸುವುದಕ್ಕೆ ರಾತ್ರಿಯಲ್ಲೇ ಎದ್ದು ಹೋಗಬೇಕು. ಅವನ ಮೋಟಾರಿನ ಮೇಲೆ ಬರೆದ ಸೈಕಲ್ಲೂ ರಾಜಧಾನಿಯ ಸೈಕಲ್ಲೂ ಒಂದೇ. ಸೆಕೆಂಡಿನ ಲೆಕ್ಕದಲ್ಲಿ ಇಬ್ಬರೂ ಸಮಾನರು, ಗಂಟೆಯ ಲೆಕ್ಕದಲ್ಲಿ ಅಲ್ಲ.

ಚರಿತ್ರೆಯು ಇಲ್ಲಿ ನಮಗೆ ನಿರಾಶೆಯನ್ನು ಬೋಧಿಸುವುದಿಲ್ಲ. 25 ಮತ್ತು 50ರ ಭೇದವು ಒಮ್ಮೆ ಪ್ರಕೃತಿನಿಯಮದಷ್ಟು ಗಟ್ಟಿಯಾಗಿ ಕಾಣುತ್ತಿದ್ದಿತು. ಅದನ್ನು ಮಾಡಿದವರು ಮನುಷ್ಯರು. ಇಂಜಿನಿಯರುಗಳೂ ಶಾಸನಕರ್ತರೂ ದಶಕಗಳ ಕಾಲ ಕುಳಿತು ಅದನ್ನು ಬಿಡಿಸಿದರು. ಗಂಟೆಗಳ ಭೇದವನ್ನು ಮಾಡಿದವರೂ ಮನುಷ್ಯರೇ. ಪ್ರಯಾಣದಲ್ಲಿ ತಾವು ಯಾವುದಾದರೂ ಊರಿನ ಗೋಡೆಗೆ ಪ್ಲಗ್ಗನ್ನು ಚುಚ್ಚಿದಾಗ ಅದು ಸರಾಗವಾಗಿ ಕೂತರೆ, ಆ ಸರಾಗದ ಹಿಂದೆ ಎಷ್ಟು ಜನರ ಒಪ್ಪಂದವಿದೆಯೆಂದು ಒಂದು ಕ್ಷಣ ಎಣಿಸಬೇಕು. ಆ ಊರಿಗೆ ಅದು ದಿನಕ್ಕೆ ಎಷ್ಟು ಹೊತ್ತು ಬರುತ್ತದೆಂದು ಅಲ್ಲಿಯವರನ್ನು ಕೇಳಲೂ ಬೇಕು.